ಬುಲೆಟ್ ಆಯಿಲ್ ಲೀಕ್‌ಗೆ ಬೆಂಗಳೂರಿನ ಜೆ.ಸಿ. ರಸ್ತೆ ಹಿಂದಿನ ಬೋರ್ಡಿಲ್ಲದ ಗ್ಯಾರೇಜ್

ಮೊದಲೇ ಹೇಳಿಬಿಡುತ್ತೇನೆ. ಈ ಗ್ಯಾರೇಜಿಗೆ ಬೋರ್ಡಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಕೂರಲು ಒಂದೇ ಒಂದು ಸ್ಟೂಲ್ ಇದೆ, ಅದರ ಮೇಲೂ ಯಾವಾಗಲೂ ಯಾರದೋ ಕಾರ್ಬ್ಯುರೇಟರ್ ಕೂತಿರುತ್ತದೆ. ಆದರೂ ಹಳೇ ಬುಲೆಟ್ ಇಟ್ಟುಕೊಂಡು ಎಣ್ಣೆ ಸೋರಿಕೆಗೆ ತಲೆಕೆಡಿಸಿಕೊಂಡವರು ಒಮ್ಮೆ ಇಲ್ಲಿಗೆ ಹೋಗಿ ನೋಡಿ. ಇಲ್ಲಿನ ಮೆಕ್ಯಾನಿಕ್ ಭಾಯ್ ಪಾನಾ ಹಿಡಿಯುವ ಮುಂಚೆ ಬಟ್ಟೆ ಹಿಡಿಯುತ್ತಾರೆ.

ನನ್ನದು ಸ್ಟ್ಯಾಂಡರ್ಡ್ 350, ಹಳೇ ಕಾಸ್ಟ್ ಐರನ್ ಇಂಜಿನ್, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಬುಲೆಟ್ ಅಂದಮೇಲೆ ಎಣ್ಣೆ ಬೀಳಲೇಬೇಕು, ಬೀಳಲಿಲ್ಲ ಅಂದರೆ ಒಳಗೆ ಎಣ್ಣೆ ಖಾಲಿ ಅಂತ ಅರ್ಥ ಅಂತ ಎಲ್ಲರೂ ತಮಾಷೆ ಮಾಡುತ್ತಾರೆ, ಅಲ್ವಾ? ಅದನ್ನೇ ನಂಬಿ ಸುಮ್ನಿದ್ದುಬಿಡಬಹುದಿತ್ತು. ಆದರೆ ಎಣ್ಣೆ ಹಾರಿ ಹಿಂದಿನ ಟೈರಿನ ಅಂಚಿಗೆ ಬರುತ್ತಿತ್ತು, ಅದೂ ಮಳೆಗಾಲ ಶುರುವಾಗುವ ಹೊತ್ತಿಗೆ. ಅದು ತಮಾಷೆ ಅಲ್ಲ. ಇನ್ನು ಪಾರ್ಕಿಂಗಿನ ಟೈಲ್ಸ್ ಮೇಲಿನ ಕಲೆ ನೋಡಿ ಮನೆ ಓನರ್ ದಿನಾ ಗೊಣಗುತ್ತಿದ್ದದ್ದು ಬೇರೆ.

ಮನೆ ಹತ್ತಿರದ ಒಂದು ಗ್ಯಾರೇಜಿನಲ್ಲಿ ಮೊದಲು ತೋರಿಸಿದ್ದೆ. ಹೆಸರು ಬೇಡ. ಅವರು ಇಂಜಿನ್ನಿನ ಎಡಗಡೆ ಚೈನ್ ಕೇಸಿನ (ಒಳಗಿನ ಪ್ರೈಮರಿ ಚೈನು, ಕ್ಲಚ್ಚು ಮುಚ್ಚುವ ಕವರಿನ) ಸುತ್ತ, ಸಂದು ಮುಚ್ಚುವ ಗ್ಯಾಸ್ಕೆಟ್ ಪೇಸ್ಟ್ ದಪ್ಪಗೆ ಬಳಿದು, ನಡುವಿನ ನಟ್ಟು ಜೋರಾಗಿ ಬಿಗಿದು ಕಳಿಸಿದರು. ಸ್ವಲ್ಪ ದಿನ ನಿಂತಿತು, ಆಮೇಲೆ ಮೊದಲಿಗಿಂತ ಜಾಸ್ತಿ ಆಯಿತು. ಮತ್ತೆ ಹೋದರೆ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಕೂಡ ಹಾಕಿಸದೆ, "ಬೋರ್ ಹೋಗಿದೆ ಸರ್, ಹಾಫ್ ಇಂಜಿನ್ ಮಾಡಿಸಬೇಕು, 12,000 ಆಗುತ್ತೆ" ಅಂದರು. ಬೋರ್ ಹೋಗುವುದು ಅಂದರೆ ಸಿಲಿಂಡರಿನ ಒಳಗೋಡೆ ಸವೆಯುವುದು. ಆದರೆ ಸೈಲೆನ್ಸರಿನಲ್ಲಿ ಹೊಗೆ ಇಲ್ಲ, ಪಿಕಪ್ ಕಮ್ಮಿ ಆಗಿಲ್ಲ. ಬೋರ್ ಹೇಗೆ ಹೋಯಿತು?

ಆಫೀಸಿನ ಗೆಳೆಯನೊಬ್ಬ ಈ ಗ್ಯಾರೇಜ್ ತೋರಿಸಿದ. ಭಾಯ್ ಮೊದಲು ಮಾಡಿದ ಕೆಲಸ ಅಂದರೆ ಎಣ್ಣೆ ಎಷ್ಟಿದೆ ಅಂತ ತೋರಿಸುವ ಕಡ್ಡಿ, ಡಿಪ್ ಸ್ಟಿಕ್, ತೆಗೆದು ನೋಡಿದ್ದು. ಈ ಇಂಜಿನ್ನಿನಲ್ಲಿ ಆಯಿಲ್ ಟ್ಯಾಂಕ್ ಇಂಜಿನ್ ಕೇಸಿನೊಳಗೇ ಒಂದು ಪಕ್ಕದಲ್ಲಿ ಇರುತ್ತದೆ. ಗಾಡಿ ತುಂಬಾ ದಿನ ನಿಂತರೆ ಎಣ್ಣೆ ಪಂಪ್ ದಾಟಿ ನಿಧಾನಕ್ಕೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಇರುವ ಕಡೆಗೆ ಇಳಿದುಬಿಡುತ್ತದೆ. ಆಗ ಸ್ಟಿಕ್ ನೋಡಿದವರು ಎಣ್ಣೆ ಕಮ್ಮಿ ಆಗಿದೆ ಅಂದುಕೊಂಡು ಮೇಲೆ ಇನ್ನಷ್ಟು ಸುರಿಯುತ್ತಾರೆ. ಸ್ಟಾರ್ಟ್ ಮಾಡಿದ ಕೂಡಲೇ ಜಾಸ್ತಿಯಾದದ್ದೆಲ್ಲ ಇಂಜಿನ್ನಿನ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪಿನಿಂದ ಕಾರುತ್ತದೆ. ಲೀಕ್ ಅಂತ ಇವರ ಹತ್ತಿರ ಬರುವ ಹಳೇ ಬುಲೆಟ್ಟುಗಳಲ್ಲಿ ಇಂಥವು ಬೇಕಾದಷ್ಟಿವೆಯಂತೆ. ಅದಕ್ಕೇ ಗಾಡಿ ಓಡಿಸಿ ಬಂದು, ಸ್ವಲ್ಪ ಹೊತ್ತು ಬಿಟ್ಟು ಸ್ಟಿಕ್ ನೋಡಬೇಕು ಅಂತ ಹೇಳಿಕೊಟ್ಟರು. ನನ್ನ ಗಾಡಿಯಲ್ಲಿ ಲೆವೆಲ್ ಸರಿ ಇತ್ತು.

ಆಮೇಲೆ ತೊಳೆದರು. ಸೀಮೆಎಣ್ಣೆ, ಬ್ರಷ್, ಆಮೇಲೆ ಏರ್ ಹೊಡೆದು ಇಂಜಿನ್ನಿನ ಮೂಲೆ ಮೂಲೆ ಒಣಗಿಸಿದರು. ಹಳೇ ಪೇಸ್ಟನ್ನೆಲ್ಲ ಬ್ಲೇಡಿನಲ್ಲಿ ಕೆರೆದು ಅಂಗೈಯಲ್ಲಿ ಹಿಡಿದು ತೋರಿಸಿ, "ಇದು ಹೊರಗಡೆ ಕಾಣೋದು ಸಾರ್. ಇಷ್ಟೇ ಒಳಗೂ ಹೋಗಿರುತ್ತೆ, ಆಯಿಲ್ ದಾರಿಗೆ ಸಿಕ್ಕಿಕೊಂಡ್ರೆ ಆಗ ನಿಜವಾಗ್ಲೂ ಇಂಜಿನ್ ಕೆಲಸ" ಅಂದರು. ಒಣಗಿದ ಮೇಲೆ ಮುಖಕ್ಕೆ ಹಾಕುವ ಟಾಲ್ಕಮ್ ಪೌಡರ್ ತಂದು ಎರಡೂ ಕಡೆ ಉದುರಿಸಿ ಊದಿದರು. ಕಪ್ಪು ಇಂಜಿನ್ ಬೆಳ್ಳಗಾಗಿ ನಿಂತಿತು. ಲಾಲ್‌ಬಾಗ್ ಸುತ್ತ ಒಂದು ರೌಂಡ್ ಹೊಡೆದುಕೊಂಡು ಬನ್ನಿ, ಜೋರಾಗಿ ಹೋಗಬೇಡಿ ಅಂತ ಕಳಿಸಿದರು.

ಜೋರಾಗಿ ಯಾಕೆ ಬೇಡ ಅಂದರೆ, ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ತೂಕ ಕೆಳಕ್ಕೆ ಎಳೆಯುತ್ತದೆ. ಹನಿ ಬಿದ್ದ ಜಾಗ ನೋಡಿ ಲೀಕ್ ಹುಡುಕಿದರೆ ಯಾವಾಗಲೂ ತಪ್ಪು ಜಾಗವೇ ಸಿಗುತ್ತದೆ. ಒದ್ದೆ ಆದದ್ದರಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಯಾವ ಜಾಗ ಇದೆಯೋ ಅಲ್ಲಿಂದ ಶುರು ಮಾಡಬೇಕು.

ವಾಪಸ್ ಬಂದಾಗ ಪೌಡರ್ ಮೇಲೆ ಎರಡು ಗೆರೆ ಎದ್ದು ಕಾಣುತ್ತಿತ್ತು. ಒಂದು ಎಡಗಡೆ, ಚೈನ್ ಕೇಸಿನ ಕೆಳಗಿನ ಅಂಚಿನಿಂದ. ಇನ್ನೊಂದು ಬಲಗಡೆ, ಸಿಲಿಂಡರಿನ ಬುಡದಲ್ಲಿರುವ ಟಾಪೆಟ್ (ವಾಲ್ವ್ ಎತ್ತುವ ಭಾಗ) ಕವರಿನಿಂದ ತೆಳ್ಳಗೆ. ಎರಡೂ ಬೇರೆ ಬೇರೆ ಎಣ್ಣೆ. ಈ ಹಳೇ ಬುಲೆಟ್ಟಿನಲ್ಲಿ ಇಂಜಿನ್ನಿಗೆ ಒಂದು, ಎಡಗಡೆ ಪ್ರೈಮರಿ ಚೈನು ಮತ್ತು ಕ್ಲಚ್ಚಿಗೆ ಒಂದು, ಗೇರ್ ಬಾಕ್ಸಿಗೆ ಇನ್ನೊಂದು. ಭಾಯ್ ಎರಡನ್ನೂ ಬೆರಳಿಗೆ ಹಚ್ಚಿ ಉಜ್ಜಿ ಮೂಸಿ ನೋಡಿದರು. ಗೇರ್ ಆಯಿಲ್ ಆಗಿದ್ದರೆ ಘಾಟು ವಾಸನೆ ಬರುತ್ತದೆ, ಅದಲ್ಲ ಅಂದರು.

ಎಡಗಡೆಯ ಕೆಲಸ ನಾನು ಪಕ್ಕದಲ್ಲೇ ನಿಂತು ನೋಡಿದೆ. ಫುಟ್‌ರೆಸ್ಟ್, ಬ್ರೇಕ್ ಪೆಡಲ್ ಬಿಚ್ಚಿ, ಮೊದಲು ಎಣ್ಣೆ ಮಟ್ಟ ನೋಡುವ ಲೆವೆಲ್ ಸ್ಕ್ರೂ ಸಡಿಲಿಸಿದರು. ಹಾಕಿದ್ದಕ್ಕಿಂತ ಜಾಸ್ತಿ ಎಣ್ಣೆ ಅಲ್ಲಿಂದ ಸುರಿದರೆ ಇಂಜಿನ್ ಆಯಿಲ್ ಸೀಲ್ ದಾಟಿ ಈ ಕಡೆ ಬರುತ್ತಿದೆ ಅಂತ ಲೆಕ್ಕ, ಆಗ ಕೆಲಸ ದೊಡ್ಡದು. ಪುಣ್ಯಕ್ಕೆ ಹಾಗೇನೂ ಬರಲಿಲ್ಲ. ಈ ಕವರ್ ನಿಂತಿರುವುದು ನಡುವಿನ ಒಂದೇ ಒಂದು ನಟ್ಟಿನ ಮೇಲೆ. ಸುತ್ತ ಬೋಲ್ಟ್ ಇಲ್ಲ, ಅಂಚಿಗೆ ಒಂದು ರಬ್ಬರ್ ರಿಂಗ್ ಮಾತ್ರ. ಲೀಕ್ ಆದಾಗ ಎಲ್ಲರೂ ಆ ನಟ್ಟನ್ನೇ ಇನ್ನಷ್ಟು ಬಿಗಿಯುತ್ತಾರೆ. ಬಿಗಿದಷ್ಟೂ ಕವರಿನ ನಡುಭಾಗ ಒಳಕ್ಕೆ ಹೋಗಿ ಅಂಚು ಅಲ್ಲಲ್ಲಿ ಎದ್ದೇಳುತ್ತದೆ, ಎಣ್ಣೆಗೆ ದಾರಿ ಸಿಗುತ್ತದೆ. ನನ್ನ ಕವರನ್ನು ಗಾಜಿನ ಹಲಗೆ ಮೇಲೆ ಮಗುಚಿ ಇಟ್ಟು ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಟಕ್ ಟಕ್ ಅನ್ನುತ್ತಿತ್ತು. ಅದೇ ಗಾಜಿನ ಮೇಲೆ ಎಮರಿ ಶೀಟ್ ಹಾಸಿ, ಸದ್ದು ನಿಲ್ಲುವ ತನಕ ನಿಧಾನಕ್ಕೆ ಉಜ್ಜಿದರು. ಹೊಸ ರಿಂಗ್, ನಟ್ಟಿನ ಕೆಳಗೆ ಹೊಸ ಫೈಬರ್ ವಾಷರ್. ಪೇಸ್ಟ್ ಒಂದು ಚೂರೂ ಇಲ್ಲ. ಕೊನೆಗೆ ನಟ್ಟನ್ನು ಚಿಕ್ಕ ಸ್ಪ್ಯಾನರಿನಲ್ಲಿ, ಹಿಡಿಯನ್ನು ನಟ್ಟಿನ ಹತ್ತಿರಕ್ಕೇ ಹಿಡಿದು ಬಿಗಿದರು, ಬಲ ಬೀಳಬಾರದು ಅಂತ.

ಬಲಗಡೆಯದು ಇನ್ನೂ ಚೆನ್ನಾಗಿದೆ. ಟಾಪೆಟ್ ಕವರಿನ ಪ್ಯಾಕಿಂಗ್ ಬದಲಾಯಿಸಿ ದುಡ್ಡು ತಗೊಂಡು ಕಳಿಸಬಹುದಿತ್ತು. ಭಾಯ್ ಮಾತ್ರ ಬ್ರೀದರ್ ಬಿಚ್ಚಿದರು. 70 ಮಿ.ಮೀ. ಬೋರ್ (ಸಿಲಿಂಡರಿನ ಒಳಗಿನ ಅಗಲ), 90 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), ಅಂದರೆ ಪಿಸ್ಟನ್ ಒಂದು ಸಲ ಕೆಳಗಿಳಿದರೆ 346 ಸಿಸಿ ಜಾಗದ ಗಾಳಿಯನ್ನು ಕೆಳಗೆ ಒತ್ತುತ್ತದೆ. ಒಂದೇ ಸಿಲಿಂಡರ್ ಆದ್ದರಿಂದ ಆ ಒತ್ತಡ ಹಂಚಿಕೊಳ್ಳಲು ಪಕ್ಕದಲ್ಲಿ ಇನ್ನೊಂದಿಲ್ಲ, ಗಾಳಿ ಹೊರಗೇ ಹೋಗಬೇಕು. ಹೊರಗೆ ಬಿಡುವುದಕ್ಕೆ ಡಕ್ ಬಿಲ್ ಅನ್ನುವ ಪುಟ್ಟ ರಬ್ಬರ್ ವಾಲ್ವ್ ಇದೆ, ಹೊರಗೆ ಬಿಟ್ಟ ಗಾಳಿಯನ್ನು ಅದು ವಾಪಸ್ ಒಳಕ್ಕೆ ಬಿಡುವುದಿಲ್ಲ. ನನ್ನದು ಒಣಗಿದ ಮಾವಿನ ಸಿಪ್ಪೆ ಥರ ಗಟ್ಟಿಯಾಗಿ, ತುಟಿ ಅಂಟಿಕೊಂಡು ಹೋಗಿತ್ತು. ಗಾಳಿಗೆ ದಾರಿ ಇಲ್ಲದಾಗ ಅದು ಸಿಕ್ಕ ಸಿಕ್ಕ ಪ್ಯಾಕಿಂಗಿನಿಂದ ಎಣ್ಣೆ ಸಮೇತ ಹೊರಗೆ ಬರುತ್ತದೆ. ಅದನ್ನು ಸರಿ ಮಾಡದೆ ಪ್ಯಾಕಿಂಗ್ ಎಷ್ಟು ಸಲ ಹಾಕಿದರೂ ಅಷ್ಟೇ. ವಾಲ್ವ್ ತೀರಾ ಅಗ್ಗದ ಸಾಮಾನು, ಬೆಲೆ ಕೇಳಿದಾಗ ನನಗೆ 12,000 ನೆನಪಾಯಿತು.

ನಾನಿದ್ದಾಗಲೇ ಒಬ್ಬ ಹುಡುಗ ಸ್ಪ್ಲೆಂಡರ್ ತಂದಿದ್ದ, ಕೆಳಗಡೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ನೋಡಿದರೆ ಡ್ರೇನ್ ಬೋಲ್ಟಿನ ವಾಷರ್ ಹಳೇದು. ಯಾರೋ ಅದನ್ನು ಬದಲಾಯಿಸುವ ಬದಲು ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಿಗಿದು ಥ್ರೆಡ್ಡೇ ಹಾಳು ಮಾಡಿದ್ದರು. ಭಾಯ್ ಆ ಹುಡುಗನಿಗೆ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ, ಪಾಪ ಅವನು ಮಾಡಿದ್ದಲ್ಲ ಅದು.

ಇನ್ನು ಕಿರಿಕಿರಿಗಳು. ಗಾಡಿ ಸಂಜೆ ಕೊಡುತ್ತೇನೆ ಅಂದರೆ ಮಾರನೇ ದಿನ ಮಧ್ಯಾಹ್ನ ಅಂತ ತಿಳಿದುಕೊಳ್ಳಿ. ಬಿಲ್ ಕೊಡುವುದಿಲ್ಲ. ಸಾಮಾನು ತರಲು ನಿಮ್ಮನ್ನೇ ಜೆ.ಸಿ. ರಸ್ತೆ ಅಂಗಡಿಗಳಿಗೆ ಓಡಿಸುತ್ತಾರೆ, ಡೂಪ್ಲಿಕೇಟ್ ತಂದರೆ ಬೆರಳಲ್ಲಿ ಬಗ್ಗಿಸಿ ನೋಡಿ ವಾಪಸ್ ಕಳಿಸುತ್ತಾರೆ. ಬಿಸಿಲಲ್ಲಿ ಅದು ಖುಷಿ ಕೊಡುವ ವಿಷಯ ಅಲ್ಲ, ಆದರೂ ಎಷ್ಟು ಖರ್ಚಾಯಿತು ಅಂತ ನಮಗೇ ಗೊತ್ತಿರುತ್ತದೆ. ಫ್ಯೂಯೆಲ್ ಇಂಜೆಕ್ಷನ್ ಗಾಡಿ ಮುಟ್ಟುವುದಿಲ್ಲ, ಅದಕ್ಕೆ ಬೇರೆ ಕಡೆ ಹೋಗಿ. ಭಾನುವಾರ ಹೋದರೆ ಸಾಲಾಗಿ ಬುಲೆಟ್ ನಿಂತಿರುತ್ತವೆ, ಮಾತಾಡಲೂ ಪುರುಸೊತ್ತಿರಲ್ಲ. ವಾರದ ನಡುವೆ ಬೆಳಿಗ್ಗೆ ಹೋಗುವುದೇ ಸರಿ.

ನನಗೆ ಕೂಲಿ 900, ಸಾಮಾನು ಮತ್ತು ಪ್ರೈಮರಿ ಆಯಿಲ್ ಸೇರಿ ಇನ್ನೊಂದು 500ರ ಹತ್ತಿರ ಆಯಿತು. ಮಳೆಗಾಲ ಪೂರ್ತಿ ಓಡಿಸಿದ್ದೇನೆ. ಟೈರ್ ಒಣಗಿದೆ, ಓನರ್ ಬಾಯಿ ಮುಚ್ಚಿದೆ. ಹಿಂದೆ ಗೇರ್ ಬಾಕ್ಸ್ ಸ್ಪ್ರಾಕೆಟ್ ಹತ್ತಿರ ಸ್ವಲ್ಪ ಜಿಡ್ಡು ಇನ್ನೂ ಕಾಣುತ್ತದೆ. ಅದನ್ನೂ ಮಾಡಿಬಿಡಿ ಭಾಯ್ ಅಂದಿದ್ದೆ. ಆ ಸೀಲ್ ಹಾಕಬೇಕಾದರೆ ಸ್ಪ್ರಾಕೆಟ್ ಬಿಚ್ಚಲೇಬೇಕು, ನಿಮ್ಮ ಚೈನ್ ಸ್ಪ್ರಾಕೆಟ್ ಇನ್ನೂ ಚೆನ್ನಾಗಿದೆ, ಅದು ಸವೆದು ಬದಲಾಯಿಸುವಾಗ ಒಟ್ಟಿಗೆ ಹಾಕೋಣ, ಈಗ ಯಾಕೆ ಸುಮ್ನೆ ಎರಡು ಸಲ ಕೂಲಿ ಕೊಡ್ತೀರಾ ಅಂದರು.