ಮೋಂ ಬ್ಲಾಂಗೆ ಗೈಡ್ ಜೊತೆ ಆರು ದಿನ: ದುಡ್ಡು ಕಟ್ಟುವ ಮೊದಲು ಹಗ್ಗದ ಲೆಕ್ಕ ಕೇಳಿ

ಮೊದಲೇ ಹೇಳಿಬಿಡುತ್ತೇನೆ, ಯುರೋಪಿನ ಆಲ್ಪ್ಸ್ ಬೆಟ್ಟಸಾಲಿನ ಮೋಂ ಬ್ಲಾಂಗೆ ಹೋದೆ, ಆದರೆ ನಾನು ತುದಿ ಮುಟ್ಟಲಿಲ್ಲ. ತುದಿಯ ಫೋಟೋ ನೋಡಬೇಕು ಅಂತ ಬಂದವರಿಗೆ ಇಲ್ಲಿ ಎಂತದೂ ಇಲ್ಲ. ಆದರೆ ಉಡುಪಿ, ಮಣಿಪಾಲದ ನಾಲ್ಕೈದು ಜನ ಈ ಟ್ರಿಪ್ ಹೇಗುಂಟು ಎಂದು ಫೋನ್ ಮಾಡಿ ಕೇಳಿದರು. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು, ಹಾಗಾಗಿ ಒಮ್ಮೆ ಬರೆದು ಹಾಕುತ್ತಿದ್ದೇನೆ. ಕರೆದುಕೊಂಡು ಹೋದ ಕಂಪನಿಯ ಹೆಸರು ಹಾಕುವುದಿಲ್ಲ.

ನನಗೆ ಐವತ್ತೊಂದು, ಬ್ಯಾಂಕಿನ ಕೆಲಸ, ಮನೆ ಕಲ್ಸಂಕದ ಹತ್ತಿರ. ಎಂಟು ತಿಂಗಳು ಬೆಳಗ್ಗೆ ಐದಕ್ಕೆ ಎದ್ದು, ಬ್ಯಾಗಿನಲ್ಲಿ ಹತ್ತು ಕೆಜಿ ಕುಚ್ಚಲಕ್ಕಿ ತುಂಬಿಸಿಕೊಂಡು ಇಂದ್ರಾಳಿ ದಾಟಿ ಮಣಿಪಾಲದ ಎಂಡ್ ಪಾಯಿಂಟ್‌ವರೆಗೆ ನಡೆದೆ. ದಾರಿಯಲ್ಲಿ ಪೇಪರ್ ಹಾಕುವವರು "ಎಂತ ಸಾರ್, ಅಕ್ಕಿ ಮಿಲ್ಲಿಗೆ ನಡ್ಕೊಂಡೇ ಹೋಗುದಾ?" ಎಂದು ನಗುತ್ತಿದ್ದರು. ಕುಮಾರ ಪರ್ವತ ಮೂರು ಸಲ ಹತ್ತಿದೆ, ಕುದುರೆಮುಖ ಎರಡು ಸಲ. ಕಾಲು ಗಟ್ಟಿ ಇತ್ತು. ಮೋಂ ಬ್ಲಾಂನಲ್ಲಿ ಕೈಕೊಡುವುದು ಕಾಲಲ್ಲ ಮಾರಾಯ್ರೆ, ಎತ್ತರ. ಕುಮಾರ ಪರ್ವತದ ನೆತ್ತಿಯೇ 1,712 ಮೀಟರ್. ಮೋಂ ಬ್ಲಾಂನಲ್ಲಿ ಹಲ್ಲಿನ ಹಳಿಯ ರೈಲು ನಮ್ಮನ್ನು ಇಳಿಸಿ ಇನ್ನು ನಡೀರಿ ಎನ್ನುವ ನಿಡ್ ದೆಗ್ಲ್ ನಿಲ್ದಾಣ 2,372 ಮೀಟರಿನಲ್ಲಿದೆ.

ನಮ್ಮ ಭೂಗೋಳ ಪುಸ್ತಕದ ಮೌಂಟ್ ಬ್ಲಾಂಕ್ ಅಲ್ಲಿನವರ ಬಾಯಲ್ಲಿ ಮೋಂ ಬ್ಲಾಂ. ತುದಿಯಲ್ಲಿರುವುದು ಬಂಡೆಯಲ್ಲ, ಹಿಮದ ಟೋಪಿ. ಹಾಗಾಗಿ ಅಳೆದಾಗಲೆಲ್ಲ ಎತ್ತರ ಬದಲಾಗುತ್ತದೆ. 2021ರಲ್ಲಿ 4,807.81 ಮೀಟರ್ ಇದ್ದದ್ದು 2023ರಲ್ಲಿ 4,805.59. ಇನಾಮಿನ ಆಸೆಗೆ ಇದನ್ನು ಹತ್ತುವ ಕಥೆಯೂ ಹಳೆಯದೇ. 1760ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರ್ ದಾರಿ ಹುಡುಕಿದವರಿಗೆ ಇನಾಮು ಘೋಷಿಸಿದರು, 1786ರ ಆಗಸ್ಟ್ 8ಕ್ಕೆ ಡಾಕ್ಟರ್ ಪಕ್ಕಾರ್ ಮತ್ತು ಬಾಲ್ಮಾ ತುದಿಯಲ್ಲಿ ನಿಂತರು. ಬೆಟ್ಟದ ಬುಡದ ಊರು ಶಾಮೊನಿಯ ಗೈಡುಗಳ ಸಂಘ 1821ರದ್ದು.

ಮಂಗಳೂರಿನಿಂದ ದುಬೈ, ಅಲ್ಲಿಂದ ಜಿನೀವಾ, ಮತ್ತೆ ವ್ಯಾನಿನಲ್ಲಿ ಶಾಮೊನಿಗೆ ಒಂದೂಕಾಲು ಗಂಟೆ. ಮೊದಲ ದಿನ ಮೇರ್ ದ ಗ್ಲಾಸ್ ಹಿಮನದಿಯ ಮೇಲೆ ಪಾಠ: ಬೂಟಿನಡಿಗೆ ಮುಳ್ಳಿನ ಕ್ರ್ಯಾಂಪನ್ ಕಟ್ಟಿಕೊಂಡು ಕಾಲು ಅಗಲಿಸಿ ನಡೆಯುವುದು, ಐಸ್ ಆ್ಯಕ್ಸ್ ಹಿಡಿಯುವುದು. ಗದ್ದೆಯ ಕೆಸರಿನಲ್ಲಿ ನಡೆದು ಗೊತ್ತಿದ್ದವರಿಗೆ ಬೇಗ ಬರುತ್ತದೆ. ಹಿಮನದಿಗೆ ಇಳಿಯುವ ದಾರಿಯಲ್ಲಿ ಯಾವ ವರ್ಷ ಹಿಮ ಎಲ್ಲಿಯವರೆಗೆ ಇತ್ತು ಎಂದು ಬೋರ್ಡು ನೆಟ್ಟಿದ್ದಾರೆ. ಇಳಿದಷ್ಟೂ ಮೆಟ್ಟಿಲು, ಹಿಮ ಮಾತ್ರ ಇನ್ನೂ ಕೆಳಗೆ. ಎರಡು, ಮೂರನೇ ದಿನ ಎತ್ತರಕ್ಕೆ ಮೈ ಹೊಂದಿಸಿಕೊಳ್ಳಲು ಇಟಲಿಯ ಗ್ರಾನ್ ಪಾರಾದೀಸೊ, 4,061 ಮೀಟರ್. ಅದನ್ನು ಹತ್ತಿದೆ. ತುದಿಯಲ್ಲಿ ಮೇರಿಯ ಮೂರ್ತಿ ಉಂಟು. ತಲೆ ಸ್ವಲ್ಪ ನೋಯುತ್ತಿತ್ತು, ಯಾರಿಗೂ ಹೇಳಲಿಲ್ಲ. ತಪ್ಪು ಅಲ್ಲಿಂದಲೇ ಶುರು.

ಊಟದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಮೊಟ್ಟೆಯನ್ನೂ ತಿನ್ನದ ನನ್ನಂಥವನಿಗೆ ಸೂಪು, ಬ್ರೆಡ್, ಚೀಸ್, ಪಾಸ್ತಾ. ಮನೆಯ ಮಿಡಿ ಉಪ್ಪಿನಕಾಯಿಯ ಸಣ್ಣ ಡಬ್ಬಿ ಕಾಪಾಡಿತು. ಮೇಲಿನ ಗೂತೆ ಹಟ್ಟಿನಲ್ಲಿ (ಹಟ್ಟು ಅಂದರೆ ಹತ್ತುವವರು ರಾತ್ರಿ ತಂಗುವ ಮನೆ) ಕುಡಿಯುವ ನೀರೂ ಬಾಟಲಿ ಲೆಕ್ಕದಲ್ಲಿ ದುಡ್ಡಿಗೆ.

ಈಗ ಹಗ್ಗದ ವಿಷಯ. ಗೈಡ್ ಮತ್ತು ಹತ್ತುವವರು ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುವುದು, ಈ ಬೆಟ್ಟದಲ್ಲಿ ಒಬ್ಬ ಗೈಡಿಗೆ ಹೆಚ್ಚೆಂದರೆ ಇಬ್ಬರು. ಅದು ಸರಿಯೇ. ಮೇಲಿನ ಏಣು ಗದ್ದೆಯ ಬದುವಿನ ಹಾಗೆ, ಒಬ್ಬ ಜಾರಿದರೆ ಹಿಡಿಯಬೇಕಲ್ಲ. ಆದರೆ ಒಂಟಿಯಾಗಿ ಬುಕ್ ಮಾಡಿದವನಿಗೆ ಇನ್ನೊಬ್ಬ ಯಾರು ಎಂದು ಕಂಪನಿ ಹೇಳುವುದಿಲ್ಲ. ನನ್ನ ಜೊತೆ ಕಟ್ಟಿದ್ದು ಬೆಲ್ಜಿಯಂನ ಇಪ್ಪತ್ತೆಂಟರ ಹುಡುಗನನ್ನು, ಮ್ಯಾರಥಾನ್ ಓಡುವವನು. ಒಬ್ಬ ಹಿಂದೆ ಬಂದರೆ ಇಬ್ಬರೂ ಹಿಂದೆ ಬರಬೇಕು. ಯಾಕೆಂದರೆ ಗೈಡ್ ಒಬ್ಬನೇ, ಹಗ್ಗ ಒಂದೇ. ಇದು ಅವರ ನಿಯಮಾವಳಿಯಲ್ಲಿ ಎಲ್ಲೋ ಒಂದು ಸಾಲಿನಲ್ಲಿ ಇತ್ತಂತೆ. ಸಾಲದ ಫಾರ್ಮಿನ ಸಣ್ಣ ಅಕ್ಷರ ಓದಿ ಎಂದು ಇಪ್ಪತ್ತಾರು ವರ್ಷ ಗಿರಾಕಿಗಳಿಗೆ ಹೇಳಿದವನು ನಾನು.

ಗೈಡ್ ಬಗ್ಗೆ ಒಂದು ಚೂರೂ ದೂರಿಲ್ಲ. ಐದನೇ ದಿನ ತೇತ್ ರೂಸ್ ಹಟ್ಟಿನಿಂದ ನಸುಕಿನಲ್ಲೇ ಹೊರಡಿಸಿದ. ಸ್ವಲ್ಪ ಮೇಲೆ ಗ್ರಾಂ ಕುಲ್ವಾರ್ ಎಂಬ ಕೊರಕಲು. ರಾತ್ರಿಯ ಚಳಿಗೆ ಹೆಪ್ಪುಗಟ್ಟಿ ನಿಂತ ಕಲ್ಲುಗಳು ಬಿಸಿಲೇರಿದ ಮೇಲೆ ಸಡಿಲಾಗಿ ಬೀಳುತ್ತವೆ. ಈ ಬೆಟ್ಟದಲ್ಲಿ ಹೆಚ್ಚು ಜೀವ ಹೋಗುವ ಜಾಗಗಳಲ್ಲಿ ಅದೂ ಒಂದು. 2022ರ ಬೇಸಿಗೆಯಲ್ಲಿ ಕಲ್ಲು ಬೀಳುವುದು ಹೆಚ್ಚಾಗಿ ಗೈಡುಗಳೇ ಈ ದಾರಿ ಬಿಟ್ಟಿದ್ದರು. ಆಗ ಅಲ್ಲಿನ ಮೇಯರ್, ಹತ್ತುವವರು 15,000 ಯೂರೋ ಠೇವಣಿ ಇಡಲಿ, ಹುಡುಕುವ ಖರ್ಚಿಗೂ ಅಂತ್ಯಕ್ರಿಯೆಗೂ ಆಗುತ್ತದೆ ಎಂದು ಹೇಳಿದ್ದು ಸುದ್ದಿಯಾಗಿತ್ತು. ನಮ್ಮ ಗೈಡ್ ಅಂಚಿನಲ್ಲಿ ನಿಂತು ಮೇಲೆ ನೋಡಲಿಲ್ಲ, ಕಣ್ಣು ಮುಚ್ಚಿ ಕಿವಿ ಕೊಟ್ಟ. ಅರ್ಧ ನಿಮಿಷ. ಮತ್ತೆ "ಹೋಗು" ಎಂದ. ಹೋದೆವು. ದಾಟಿದ ಮೇಲೆ ಎಲ್ಲೋ ಒಂದು ಕಲ್ಲು ಟಕಟಕ ಎಂದು ಇಳಿದದ್ದು ಕೇಳಿತು, ಕಾಣಲಿಲ್ಲ.

ನಾನು ಭಾರತದವನೆಂದು ಗೊತ್ತಿದ್ದ ಕಾರಣ ಅವನು ಮೊದಲ ದಿನವೇ ಬೊಸ್ಸೋಂ ಹಿಮನದಿಯನ್ನು ಕೈತೋರಿಸಿ ಹೇಳಿದ್ದ: 1966ರ ಜನವರಿ 24ರಂದು ಏರ್ ಇಂಡಿಯಾ ವಿಮಾನ ಬಡಿದದ್ದು ಈ ಬೆಟ್ಟಕ್ಕೇ. 117 ಜನ ಹೋದರು, ಅವರಲ್ಲಿ ಹೋಮಿ ಭಾಭಾ. ಹಿಮನದಿ ಆಗಿನ ಸಾಮಾನನ್ನು ಇವತ್ತಿಗೂ ಕೆಳಗೆ ತಂದು ಹಾಕುತ್ತದೆ. 2020ರಲ್ಲಿ ಸಿಕ್ಕಿದ ಪತ್ರಿಕೆಗಳಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗುವ ಸುದ್ದಿ ಓದುವ ಹಾಗೇ ಇತ್ತು. ಆಮೇಲೆ ಆ ಕಡೆ ನೋಡಿದಾಗಲೆಲ್ಲ ನನಗೆ ಮಾತು ಕಡಿಮೆಯಾಗುತ್ತಿತ್ತು.

ಕೊನೆಯ ದಿನ ಗೂತೆ ಹಟ್ಟಿನಿಂದ ರಾತ್ರಿ ಎರಡಕ್ಕೆ ಹೊರಟೆವು. ಗಾಳಿ ಇಲ್ಲ, ಮೋಡ ಇಲ್ಲ, ನೆಪ ಹೇಳಲಿಕ್ಕೆ ಒಂದೂ ಇಲ್ಲ. 4,362 ಮೀಟರಿನಲ್ಲಿ ವಲ್ಲೋ ಎಂಬ ತಗಡಿನ ಡಬ್ಬಿಯಂಥ ತಂಗುದಾಣ. ಅಲ್ಲಿ ಗಾಳಿಯ ಒತ್ತಡ ಮಲ್ಪೆ ಬೀಚಿನದ್ದರ ನೂರಕ್ಕೆ ಅರುವತ್ತು ಪಾಲು ಅಂದಾಜು. ಎರಡು ಸಲ ವಾಂತಿಯಾಯಿತು. ಗೈಡ್ ಟಾರ್ಚ್ ಹಿಡಿದು ನನ್ನ ತುಟಿ ನೋಡಿ, "ನೂರರಿಂದ ಏಳೇಳು ಕಳೆಯುತ್ತಾ ಬಾ" ಎಂದ. ತೊಂಬತ್ತಮೂರು ಎಂದೆ. ಮುಂದೆ ಬರಲಿಲ್ಲ. ಕ್ಯಾಶ್ ಕೌಂಟರಿನಲ್ಲಿ ಒಂಬತ್ತು ವರ್ಷ ಕೂತವನಿಗೆ ತೊಂಬತ್ತಮೂರರಲ್ಲಿ ಏಳು ಹೋಗಲಿಲ್ಲ. ಸುಮ್ಮನೆ ನಿಂತಿದ್ದೆ. "ಕೆಳಗೆ" ಎಂದ, ಅಷ್ಟೇ. ಬೆಲ್ಜಿಯಂನ ಹುಡುಗ ಮೇಲಿನ ಏಣಿನ ಮೇಲೆ ಸಾಲಾಗಿ ಹೋಗುತ್ತಿದ್ದ ಟಾರ್ಚುಗಳನ್ನು ಒಮ್ಮೆ ನೋಡಿದ, ಮತ್ತೆ ತಿರುಗಿ ಹಗ್ಗದ ಮುಂದೆ ನಿಂತ. ಇಳಿಯುವಾಗ ಗೈಡ್ ಹಿಂದೆ ಇರಬೇಕು, ಹಾಗೆ.

ಗೈಡಿಗೆ ಐದಕ್ಕೆ ಐದು. ಕಂಪನಿಗೆ ಎರಡು, ಅದೂ ಹಟ್ಟುಗಳನ್ನು ಸರಿಯಾಗಿ ಬುಕ್ ಮಾಡಿದ್ದಕ್ಕೆ. ಹೆಸರು ಕಾದಿರಿಸದೆ ಆ ದಾರಿಯಲ್ಲಿ ಮಲಗಲಿಕ್ಕೆ ಬಿಡುವುದಿಲ್ಲ. ಆರು ದಿನದಲ್ಲಿ ಒಂದು ದಿನವೂ ಹೆಚ್ಚಿಗೆ ಇಟ್ಟಿಲ್ಲ. ಗೈಡಿನ ಹಟ್ಟು, ಊಟದ ಖರ್ಚೂ ನಮ್ಮ ತಲೆಗೇ ಎಂಬುದು ಅಲ್ಲಿ ಹೋದ ಮೇಲೆ ತಿಳಿಯಿತು. ಎಲ್ಲ ಸೇರಿ ಎರಡೂವರೆ ಲಕ್ಷ, ವಿಮಾನ ಬೇರೆ. ಕರಾವಳಿಯಿಂದ ಹೋಗುವವರು ಇಬ್ಬರು ಪರಿಚಯದವರೇ ಸೇರಿ ಒಂದು ಹಗ್ಗ ಮಾಡಿಕೊಳ್ಳಿ, ಇಲ್ಲವಾದರೆ ಒಬ್ಬರಿಗೊಬ್ಬ ಗೈಡ್ ಕೇಳಿ. ನಾಲ್ಕು ದಿನ ಮೊದಲೇ ಹೋಗಿ ಎತ್ತರದಲ್ಲಿ ಮಲಗಿ. ತಲೆ ನೋವಿದ್ದರೆ ಹೇಳಿ.

ಇಳಿಯುವ ರೈಲಿನಲ್ಲಿ ಆ ಹುಡುಗ ಎದುರು ಕೂತಿದ್ದ. ಸಾರಿ ಎಂದು ಮೂರು ಸಲ ಹೇಳಿ ಆಗಿತ್ತು, ನಾಲ್ಕನೆಯದ್ದಕ್ಕೆ ಬಾಯಿ ಬರಲಿಲ್ಲ. ಬ್ಯಾಗಿನಲ್ಲಿ ಉಳಿದಿದ್ದ ನೆಲಗಡಲೆ ಚಿಕ್ಕಿ ಕೊಟ್ಟೆ. ತಿಂದ, ಇನ್ನೊಂದುಂಟಾ ಎಂದು ಕೇಳಿದ. ಸೆಪ್ಟೆಂಬರಿನಲ್ಲಿ ಮತ್ತೆ ಬರುತ್ತಾನಂತೆ. ಜೊತೆಗೆ ಯಾರು ಎಂದೆ. ಗೈಡ್ ಮಾತ್ರ ಎಂದ.