ಪ್ರೀರಿಲೀಸ್‌ಗೆ ಪೂರ್ತಿ ಅಂಕ, ವಾರದ ಟೂರ್ನಮೆಂಟಿಗೆ ಅರ್ಧ

ಕಾರ್ಡ್ ಸಂಗ್ರಹಿಸಿ, ಅದರಿಂದ ಡೆಕ್ (ಕಟ್ಟು) ಕಟ್ಟಿ ಆಡೋ ಮ್ಯಾಜಿಕ್: ದ ಗ್ಯಾದರಿಂಗ್ ಒಳ್ಳೆ ಆಟವೋ ಅಲ್ಲವೋ ಅನ್ನೋ ಪ್ರಶ್ನೆಗೆ ನಾನು ಕೈ ಹಾಕೋದಿಲ್ಲ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿ, ವಿಝರ್ಡ್ಸ್ ಆಫ್ ದ ಕೋಸ್ಟ್ 1993ರಲ್ಲಿ ಹೊರತಂದ ಆಟ ಇವತ್ತಿಗೂ ನಡೀತಿದೆ ಅಂದಮೇಲೆ ಅದಕ್ಕೆ ನನ್ನ ಸರ್ಟಿಫಿಕೇಟ್ ಬೇಕಿಲ್ಲ. ನಾನಿಲ್ಲಿ ತೂಗಿ ನೋಡ್ತಿರೋದು ಆಟ ಆಡಿಸೋ ವ್ಯವಸ್ಥೆಯನ್ನ. ಅಂದರೆ ಹೆಸರು ಬರೆಸಿ, ಶುಲ್ಕ ಕಟ್ಟಿ, ಗುರುತಿಲ್ಲದವರ ಎದುರು ಕೂತು ಆಡೋ ಪ್ರೀರಿಲೀಸ್, ವಾರದ ಟೂರ್ನಮೆಂಟ್, ದೊಡ್ಡ ಟೂರ್ನಮೆಂಟಿಗೆ ಆಯ್ಕೆ ಮಾಡೋ ಅರ್ಹತಾ ಸುತ್ತು, ಕಮಾಂಡರ್ ಅನ್ನೋ ಬಗೆಯ ಆಟದ ಸಂಜೆ. ಎಲ್ಲವನ್ನೂ ವರ್ಷಗಟ್ಟಲೆ ಆಡಿದ್ದೀನಿ. ನನ್ನ ಹೊಟ್ಟೆಪಾಡು ಆಡಿಟಿಂಗ್. ಹಾಗಾಗಿ ಎಲ್ಲಿಗೆ ಹೋದರೂ ಮೊದಲು ಕಣ್ಣು ಬೀಳೋದು ಬಹುಮಾನದ ಪಟ್ಟಿಯ ಮೇಲೆ. ಆ ಸಂಜೆ ಜನ ಹೇಗೆ ನಡ್ಕೊಳ್ತಾರೆ ಅನ್ನೋದು ಬಹುಪಾಲು ಅಲ್ಲೇ ಬರೆದಿರುತ್ತೆ.

ಪ್ರೀರಿಲೀಸ್‌ನಿಂದ ಶುರು ಮಾಡ್ತೀನಿ, ಯಾಕಂದರೆ ಈ ವ್ಯವಸ್ಥೆಯಲ್ಲಿ ಅದೇ ಬೆಸ್ಟ್. ಹೊಸ ಕಾರ್ಡುಗಳ ಸೆಟ್ ಮಾರಾಟಕ್ಕೆ ಬರೋದಕ್ಕೆ ಸ್ವಲ್ಪ ಮುಂಚೆ ನಡೆಯೋ ಆಟ ಇದು. ಕೈಗೊಂದು ಡಬ್ಬಿ ಕೊಡ್ತಾರೆ. ಒಳಗೆ ಆರು ಬೂಸ್ಟರ್ ಪ್ಯಾಕ್ (ಯಾವ ಕಾರ್ಡ್ ಇದೆ ಅಂತ ಒಡೆಯೋವರೆಗೂ ಗೊತ್ತಾಗದ ಪೊಟ್ಟಣ), ಹೊಳೆಯೋ ಪ್ರೋಮೋ ಕಾರ್ಡ್ ಒಂದು, ಇಪ್ಪತ್ತು ಮುಖದ ದಾಳ ಒಂದು. ಅಲ್ಲೇ ಒಡೆದು, ಅಲ್ಲೇ ಕನಿಷ್ಠ 40 ಕಾರ್ಡಿನ ಡೆಕ್ ಕಟ್ಟಬೇಕು. ಮನೆಯಲ್ಲಿ ಎಷ್ಟು ದುಬಾರಿ ಡೆಕ್ ಇದ್ದರೂ ಇಲ್ಲಿ ಕೆಲಸಕ್ಕೆ ಬರೋಲ್ಲ. ಇಂಟರ್‌ನೆಟ್ಟಿನಲ್ಲಿ ಗೆದ್ದೆತ್ತಿನ ಬಾಲ ಹಿಡಿಯೋರಿಗೆ ಹಿಡಿಯೋಕೆ ಇನ್ನೂ ಬಾಲವೇ ಬೆಳೆದಿರೋಲ್ಲ. ಹತ್ತಾರು ವರ್ಷ ಆಡಿದವರೂ ಎದುರಿನವರ ಕಾರ್ಡನ್ನ ಎತ್ತಿಕೊಂಡು, ಕನ್ನಡಕ ಮೇಲೆ ಸರಿಸಿ, "ಇದೇನಪ್ಪಾ ಮಾಡುತ್ತೆ?" ಅಂತ ಓದ್ತಾರೆ. ಎಲ್ಲರೂ ಸ್ವಲ್ಪ ಸ್ವಲ್ಪ ದಡ್ಡರಾಗಿರೋ ಕೋಣೆಯಲ್ಲಿ ಜಂಬ ಕೊಚ್ಚೋದು ಕಷ್ಟ.

ಹಾಗಂತ ಅಲ್ಲಿ ಯಾರೂ ಸೋಲೋಕೆ ಬಂದಿರೋಲ್ಲ. ಮೂರನೇ ಗೇಮಿನಲ್ಲಿ ಒಂದು ಲೈಫ್ ಉಳಿದಿರುವಾಗ ಪ್ರೀರಿಲೀಸ್‌ನಲ್ಲೂ ಕೈ ಬೆವರುತ್ತೆ. ವ್ಯತ್ಯಾಸ ಏನಂದರೆ, ನಾನು ಹೋಗೋ ಜಾಗದಲ್ಲಿ ಗೆದ್ದ ಪ್ರತಿ ಪಂದ್ಯಕ್ಕೂ ಇಷ್ಟು ಪ್ಯಾಕ್ ಅಂತ ಸಮನಾಗಿ ಹಂಚ್ತಾರೆ. ಮೊದಲ ಸುತ್ತು ಸೋತವರೂ ಕೊನೆ ಸುತ್ತಿನವರೆಗೂ ಕೂರ್ತಾರೆ, ಯಾಕಂದರೆ ಅವರ ಕೊನೆ ಪಂದ್ಯಕ್ಕೂ ಅಷ್ಟೇ ಬೆಲೆ. ಒಂದು ಸಲ ಎದುರಿಗೆ ಕೂತಿದ್ದ ಹುಡುಗಿ ತನ್ನ ಡೆಕ್ಕಿನಲ್ಲಿ ಕಾರ್ಡುಗಳ ಐದೂ ಬಣ್ಣ ತುರುಕಿದ್ದಳು. ಸುತ್ತು ಬೇಗ ಮುಗಿಯಿತು. ಉಳಿದ ಹೊತ್ತಿನಲ್ಲಿ ಪಕ್ಕದ ಮೇಜಿನ ಇಬ್ಬರನ್ನೂ ಸೇರಿಸಿಕೊಂಡು ಅವಳ ಡೆಕ್ ಬಿಚ್ಚಿ ಎರಡು ಬಣ್ಣಕ್ಕೆ ಇಳಿಸಿದ್ವಿ, ಲ್ಯಾಂಡ್, ಅಂದರೆ ಬೇರೆ ಕಾರ್ಡ್ ಆಡೋಕೆ ಶಕ್ತಿ ಕೊಡೋ ಕಾರ್ಡುಗಳನ್ನ, ಹದಿನೇಳಕ್ಕೆ ಏರಿಸಿದ್ವಿ. ಮುಂದಿನ ಸುತ್ತಿನಲ್ಲಿ ಅದೇ ಡೆಕ್ಕಿನಿಂದ ಅವಳು ಆ ಇಬ್ಬರಲ್ಲಿ ಒಬ್ಬನನ್ನ ಸೋಲಿಸಿದಳು. ಅವನ ಮುಖ ನೋಡಬೇಕಿತ್ತು.

ದೋಷ ಇಲ್ಲ ಅಂತಲ್ಲ. ಪ್ಯಾಕಿನಲ್ಲಿ ಬಾಂಬ್, ಅಂದರೆ ಒಂದೇ ಆಟ ಗೆಲ್ಲಿಸಬಲ್ಲಂಥ ಕಾರ್ಡ್, ಸಿಕ್ಕಿದವರು ಹಾರಾಡ್ತಾರೆ, ಸಿಗದವರು ತೆವಳ್ತಾರೆ. ತೀರಾ ಹೊಸಬರಿಗೆ ಡೆಕ್ ಕಟ್ಟೋ ಸಮಯ ಸಾಲೋಲ್ಲ. ಆದರೂ ಪೂರ್ತಿ ಅಂಕ ಕೊಡ್ತೀನಿ.

ಈಗ ವಾರದ ಟೂರ್ನಮೆಂಟ್. ಫ್ರೈಡೇ ನೈಟ್ ಮ್ಯಾಜಿಕ್ ಅನ್ನೋ ಕಾರ್ಯಕ್ರಮ 2000ನೇ ಇಸವಿಯಿಂದ ಇದೆ. ಕೆಲಸ ಮುಗಿಸಿ ಬಂದು ನಾಲ್ಕು ಸುತ್ತು ಆಡಿ ಹೋಗೋದು ಅದರ ಉದ್ದೇಶ, ಮತ್ತು ಉದ್ದೇಶಕ್ಕೆ ನನ್ನ ತಕರಾರಿಲ್ಲ. ಆದರೆ ಒಂದು ಅಂಗಡಿಯಲ್ಲಿ, ಹೆಸರು ಬೇಡ, ಬಂದ ಶುಲ್ಕದ ಬಹುಪಾಲು ಮೊದಲ ಇಬ್ಬರ ಬಹುಮಾನಕ್ಕೇ ಹೋಗ್ತಿತ್ತು. ಮೂರನೆಯವರಿಗೆ ಒಂದು ಪ್ಯಾಕ್, ನಾಲ್ಕನೆಯವರಿಗೆ ಬೆನ್ನು ತಟ್ಟೋದು. ಮಿಕ್ಕ ಲೆಕ್ಕವನ್ನ ನಾನು ಬಿಡಿಸಿ ಹೇಳಬೇಕಿಲ್ಲ. ಆದರೂ ಹೇಳ್ತೀನಿ, ಅಭ್ಯಾಸ.

ಇಲ್ಲಿರೋದು ಸ್ವಿಸ್ ಪದ್ಧತಿ: ಸೋತವರು ಹೊರಬೀಳೋಲ್ಲ, ಪ್ರತಿ ಸುತ್ತಿನಲ್ಲೂ ಹೆಚ್ಚುಕಮ್ಮಿ ಸಮ ಅಂಕದವರು ಎದುರಾಗ್ತಾರೆ. ಗೆದ್ದರೆ 3 ಅಂಕ, ಡ್ರಾ ಆದರೆ 1, ಸೋತರೆ 0. ನಾಲ್ಕು ಸುತ್ತಿನ ಟೂರ್ನಮೆಂಟಿನಲ್ಲಿ ಮೂರೂ ಗೆದ್ದ ಇಬ್ಬರು ಕೊನೆ ಸುತ್ತಿನಲ್ಲಿ ಎದುರಾದರೆ ಇಬ್ಬರದ್ದೂ 9 ಅಂಕ. ಅವರ ಹಿಂದೆ 6 ಅಂಕದವರು. ಆಡಿದರೆ ಒಬ್ಬ 12 ಆಗ್ತಾನೆ, ಇನ್ನೊಬ್ಬ 9ರಲ್ಲೇ ಉಳಿದು, ಹಿಂದಿನಿಂದ ಬಂದು 9 ತಲುಪಿದವರ ಜೊತೆ ಟೈಬ್ರೇಕರಿಗೆ ಸಿಕ್ಕಿಕೊಳ್ತಾನೆ. ಡ್ರಾ ಅಂತ ಬರೆದರೆ ಇಬ್ಬರಿಗೂ 10, ಇಬ್ಬರೂ ಸೇಫ್. ಹೀಗೆ ಒಪ್ಪಿಕೊಂಡು ಡ್ರಾ ಮಾಡೋದು ನಿಯಮದ ಪ್ರಕಾರ ಸರಿ. ದಾಳ ಉರುಳಿಸಿ ಗೆದ್ದವರನ್ನ ತೀರ್ಮಾನಿಸೋದು, "ನೀನು ಬಿಟ್ಟುಕೊಡು, ಪ್ಯಾಕ್ ಕೊಡ್ತೀನಿ" ಅನ್ನೋದು ನಿಷಿದ್ಧ. ಹಾಗಾಗಿ ಆ ಅಂಗಡಿಯಲ್ಲಿ ಮೇಲಿನ ಮೇಜಿನವರು ಕೊನೆ ಸುತ್ತಿಗೆ ಕೂರ್ತಾನೇ ಇರಲಿಲ್ಲ. ಕೈಕುಲುಕಿ ಚೀಟಿಗೆ ಸಹಿ ಹಾಕಿ ಎದ್ದುಬಿಡ್ತಿದ್ದರು. ಹಿಂದಿನವರು ಹಲ್ಲು ಕಡಿದುಕೊಂಡು ಇವರನ್ನ ಬೈತಿದ್ದರು. ನಾನು ಬೈಯೋದು ಪಟ್ಟಿ ಬರೆದವರನ್ನ. ಆಡೋದಕ್ಕಿಂತ ಆಡದೇ ಇರೋದು ಲಾಭ ಅಂತ ಲೆಕ್ಕ ಹಾಕಿಟ್ಟವರು ಅವರು.

ಇದು ಬರೀ ಸಣ್ಣ ಅಂಗಡಿಯ ಕಥೆ ಅಂದುಕೊಳ್ಳಬೇಡಿ. 2011ರವರೆಗೆ ಮ್ಯಾಜಿಕ್ ಆಟಗಾರರಿಗೆ ಚೆಸ್ಸಿನಲ್ಲಿರೋ ಹಾಗೆ ಈಲೋ ರೇಟಿಂಗ್ ಇತ್ತು, ದೊಡ್ಡ ಟೂರ್ನಮೆಂಟಿನ ಆಹ್ವಾನಗಳಿಗೆ ಅದೂ ಒಂದು ದಾರಿ. ಸೋತರೆ ರೇಟಿಂಗ್ ಇಳಿಯುತ್ತೆ. ಹಾಗಾಗಿ ಒಳ್ಳೇ ಅಂಕ ಬಂದವರು ಆಹ್ವಾನ ಕೈಸೇರೋವರೆಗೂ ಆಟವನ್ನೇ ನಿಲ್ಲಿಸಿ ಕೂರ್ತಿದ್ದರು. ಕೊನೆಗೆ ಕಂಪನಿಯವರೇ ಅದನ್ನ ತೆಗೆದು, ಆಡಿದಷ್ಟೂ ಸೇರ್ತಾ ಹೋಗೋ ಪ್ಲೇನ್ಸ್‌ವಾಕರ್ ಪಾಯಿಂಟ್ಸ್ ತಂದರು. 2020ರಲ್ಲಿ ಅದೂ ಹೋಯಿತು. ಆಟಗಾರರು ಬದಲಾಗಲಿಲ್ಲ, ಲೆಕ್ಕ ಬದಲಾಯಿತು, ನಡವಳಿಕೆ ಲೆಕ್ಕದ ಹಿಂದೆ ಹೋಯಿತು. ನನ್ನ ಆಫೀಸಿನಲ್ಲಿ ಇದನ್ನ ಹೇಳಿದರೆ ಯಾರಿಗೂ ಆಶ್ಚರ್ಯ ಆಗೋಲ್ಲ.

ಅದೇ ಅಂಗಡಿಯ ಇನ್ನೊಂದು ದೂರು. ಒಂದು ಸುತ್ತಿಗೆ ಸಾಮಾನ್ಯವಾಗಿ 50 ನಿಮಿಷ, ಮೂರರಲ್ಲಿ ಎರಡು ಗೆದ್ದವರದು ಪಂದ್ಯ. ಮೊದಲ ಗೇಮ್ ಗೆದ್ದ ಎದುರಾಳಿ, ಎರಡನೆಯದರಲ್ಲಿ ಸೋಲ್ತಿರೋದು ಗೊತ್ತಾದ ಮೇಲೆ, ಗಡಿಯಾರ ನೋಡಿ ಗ್ರೇವ್‌ಯಾರ್ಡ್, ಅಂದರೆ ಆಡಿ ಮುಗಿದ ಕಾರ್ಡುಗಳ ಗುಡ್ಡೆ, ಎಣಿಸೋಕೆ ಶುರು ಮಾಡಿದ. ತನ್ನದು ಎಣಿಸಿದ, ನನ್ನದು ಎಣಿಸಿದ, ಮತ್ತೆ ತನ್ನದು. ನಿಧಾನವಾಗಿ ಆಡೋದು ಒಂದು ತಪ್ಪು, ಅದಕ್ಕೆ ಎಚ್ಚರಿಕೆ ಸಾಕು. ಬೇಕಂತಲೇ ಸಮಯ ತಿನ್ನೋದು ಬೇರೆಯೇ ತಪ್ಪು, ಅದಕ್ಕೆ ದೊಡ್ಡ ಟೂರ್ನಮೆಂಟುಗಳ ಕಾಂಪಿಟಿಟಿವ್ ಮಟ್ಟದ ನಿಯಮದಲ್ಲಿ ಟೂರ್ನಮೆಂಟಿನಿಂದಲೇ ಹೊರಹಾಕೋ ಶಿಕ್ಷೆ ಇದೆ. ಎರಡರ ನಡುವೆ ಇರೋದು ಮನಸ್ಸಿನ ಉದ್ದೇಶ ಮಾತ್ರ. ಅದನ್ನ ಅಳೆಯೋಕೆ ಪಕ್ಕದಲ್ಲಿ ನಿಂತು ನೋಡೋ ಜಡ್ಜ್ ಬೇಕು. ನಾನು ಕೈ ಎತ್ತಿದೆ. ಜಡ್ಜ್ ಅನ್ನಿಸಿಕೊಂಡವರು ಮೂಲೆ ಮೇಜಿನಲ್ಲಿ ತಾವೇ ಪಂದ್ಯ ಆಡ್ತಿದ್ದರು. "ಇದೊಂದು ಟರ್ನ್ ಮುಗಿಸಿ ಬಂದೆ, ಮೇಡಂ" ಅಂದರು. ಬರುವಷ್ಟರಲ್ಲಿ ಸಮಯ ಮುಗಿದಿತ್ತು. ಜಡ್ಜ್ ಆಡಬಾರದು ಅಂತ ನಾನು ಹೇಳ್ತಿಲ್ಲ, ಎಂಟು ಜನ ಸೇರೋ ಜಾಗದಲ್ಲಿ ಅದು ಅನಿವಾರ್ಯ. ಆದರೆ ಎದ್ದು ಬರೋಕಾಗದಿದ್ದರೆ ಬಹುಮಾನವನ್ನ ಅಷ್ಟು ಮೇಲಕ್ಕೆ ಗುಡ್ಡೆ ಹಾಕಬಾರದು. ವಾರದ ಟೂರ್ನಮೆಂಟಿಗೆ ಅರ್ಧ ಅಂಕ. ಬಹುಮಾನ ಸಮನಾಗಿ ಹಂಚೋ ಜಾಗಕ್ಕೆ ಇನ್ನೂ ಕಾಲು ಸೇರಿಸಿಕೊಳ್ಳಿ.

ಅರ್ಹತಾ ಸುತ್ತಿಗೆ ಹೋಗುವಾಗ ನನ್ನ ಅಣ್ಣನ ಮಗ ಹೆದರಿಸಿದ್ದ: "ಅತ್ತೆ, ಅಲ್ಲಿ ಎಲ್ಲ ರಾಕ್ಷಸರು ಇರ್ತಾರೆ." ರಾಕ್ಷಸರಂತೂ ಇದ್ದರು, ಆಟದಲ್ಲಿ. ಮರ್ಯಾದೆಯಲ್ಲಿ ಅವರೇ ಮೇಲು. ಮೊದಲು ಇದು ವಿಚಿತ್ರ ಅನ್ನಿಸಿತು, ಆಮೇಲೆ ಕಾರಣ ಹೊಳೆಯಿತು. ಅಲ್ಲಿ ಗೆರೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು. ವಾರದ ಆಟ, ಪ್ರೀರಿಲೀಸ್ ನಡೆಯೋದು ರೆಗ್ಯುಲರ್ ಅನ್ನೋ ಮಟ್ಟದಲ್ಲಿ. ಅಲ್ಲಿ ಜಡ್ಜ್‌ಗಳಿಗಿರೋ ಕೈಪಿಡಿ ಕೆಲವೇ ಪುಟ, ತಪ್ಪಾದರೆ ತಿದ್ದಿ, ಕಲಿಸಿ, ಮುಂದೆ ಹೋಗಿ ಅನ್ನೋದು ಅದರ ಧೋರಣೆ. ಕಾಂಪಿಟಿಟಿವ್ ಮಟ್ಟದಲ್ಲಿ ಡೆಕ್ ಪಟ್ಟಿ ಮುಂಚೆಯೇ ಕೊಡಬೇಕು, ಒಂದೊಂದು ತಪ್ಪಿಗೂ ದಪ್ಪ ದಾಖಲೆಯಲ್ಲಿ ಶಿಕ್ಷೆ ನಿಗದಿಯಾಗಿದೆ.

ಒಂದು ಉದಾಹರಣೆ ಸಾಕು. ಎದುರಾಳಿಯ ಜೀವಿ ಕಾರ್ಡಿನ ಬಲ ಈ ಕ್ಷಣಕ್ಕೆ ಎಷ್ಟು ಅಂತ ಕೇಳ್ತೀರಿ, ಅದು ಗ್ರೇವ್‌ಯಾರ್ಡ್ ನೋಡಿ ಲೆಕ್ಕ ಹಾಕಬೇಕಾದ ಸಂಖ್ಯೆ. ರೆಗ್ಯುಲರ್ ಮಟ್ಟದಲ್ಲಿ ಅವರು ಉತ್ತರ ಹೇಳಲೇಬೇಕು. ಕಾಂಪಿಟಿಟಿವ್ ಮಟ್ಟದಲ್ಲಿ "ನೀವೇ ಎಣಿಸಿಕೊಳ್ಳಿ" ಅನ್ನಬಹುದು. ಸುಳ್ಳು ಹೇಳೋಹಾಗಿಲ್ಲ, ಸುಮ್ಮನಿರಬಹುದು. ಹಾಗೆಯೇ ನೀವು ಮರೆತ ಟ್ರಿಗರನ್ನ, ಅಂದರೆ ಏನಾದರೂ ಆದಾಗ ತಾನಾಗಿ ನಡೆಯಬೇಕಾದ ಕಾರ್ಡಿನ ಪರಿಣಾಮವನ್ನ, ಎದುರಾಳಿ ನೆನಪಿಸಬೇಕಿಲ್ಲ. ಒಬ್ಬರ ಎದುರು ನನ್ನ ಟ್ರಿಗರ್ ಮರೆತು ಹೋಯಿತು. ಅವರು ಕಣ್ಣು ಕೂಡ ಮಿಟುಕಿಸದೆ ಮುಂದಿನ ಟರ್ನ್ ತಗೊಂಡರು. ಪಂದ್ಯ ಮುಗಿದ ಮೇಲೆ ಅವರೇ, "ಆ ಕಾರ್ಡಿನ ಮೇಲೊಂದು ದಾಳ ಇಟ್ಟುಕೊಳ್ಳಿ, ಮರೆಯೋಲ್ಲ" ಅಂತ ತೋರಿಸಿಕೊಟ್ಟರು. ನನಗೆ ಒಂಚೂರೂ ಬೇಜಾರಾಗಲಿಲ್ಲ. ಅವರು ಮಾಡಿದ್ದು ನಾನೂ ಒಪ್ಪಿ ಬಂದ ಆಟ. ಇದೇ ಮೌನವನ್ನ ಪ್ರೀರಿಲೀಸ್‌ನಲ್ಲಿ ಹನ್ನೆರಡು ವರ್ಷದ ಮಗುವಿನ ಎದುರು ಯಾರಾದರೂ ತೋರಿಸಿದರೆ ನಾನು ಅವರ ಜೊತೆ ಮಾತು ಬಿಡ್ತೀನಿ.

ಅರ್ಹತಾ ಸುತ್ತಿಗೆ ಮುಕ್ಕಾಲು ಅಂಕ. ಕಾಲು ಕಳೆದದ್ದು ಬೆಳಗ್ಗಿಂದ ರಾತ್ರಿವರೆಗೆ ಬಿಡುವಿಲ್ಲದೆ ಕೂರಿಸೋದಕ್ಕೆ. ಏಳನೇ ಸುತ್ತಿನಲ್ಲಿ ಯಾರ ಸೌಜನ್ಯವೂ ಮೊದಲ ಸುತ್ತಿನಷ್ಟು ತಾಜಾ ಇರೋಲ್ಲ, ನನ್ನದಂತೂ ಇರೋಲ್ಲ.

ನನ್ನ ಸೋದರಳಿಯ ಆಡೋದು ಪೋಕೆಮಾನ್ ಕಾರ್ಡ್ ಆಟ, ಮಕ್ಕಳಿರೋರು ಅದನ್ನೂ ನೋಡಬೇಕು. ಅದರ ಸಂಘಟಿತ ಆಟದಲ್ಲಿ ಜೂನಿಯರ್, ಸೀನಿಯರ್, ಮಾಸ್ಟರ್ಸ್ ಅಂತ ಮೂರು ವಯೋವರ್ಗ. ಆಟದ ಮನೋಭಾವ ಅಂತ ಆರು ಮೌಲ್ಯ ಬರೆದಿಟ್ಟಿದ್ದಾರೆ: ಮೋಜು, ನ್ಯಾಯ, ಪ್ರಾಮಾಣಿಕತೆ, ಗೌರವ, ಕ್ರೀಡಾಮನೋಭಾವ, ಕಲಿಕೆ. ಮೋಜು ಮೊದಲು. ಕಾಗದದ ಮೇಲೆ ಬರೆದದ್ದು ಮೇಜಿನ ಮೇಲೆ ಬರುತ್ತಾ ಅಂತ ಅನುಮಾನ ಪಡೋದು ನನ್ನ ವೃತ್ತಿಧರ್ಮ. ಆದರೆ ಮಕ್ಕಳು ಮಕ್ಕಳ ಜೊತೆಯೇ ಸೋಲೋ ವ್ಯವಸ್ಥೆ ಮಾತ್ರ ನಿಜಕ್ಕೂ ಕೆಲಸ ಮಾಡುತ್ತೆ. ಜನ ಕಡಿಮೆ ಇದ್ದಾಗ ಎಲ್ಲ ವಯಸ್ಸಿನವರನ್ನೂ ಬೆರೆಸಿ ಆಡಿಸ್ತಾರೆ, ಆಗ ಸ್ವಲ್ಪ ಅಳು ಇರುತ್ತೆ. ಪ್ರಾಮಾಣಿಕವಾಗಿ ಹೇಳಬೇಕಂದರೆ, ನಾನು ನೋಡಿದ ಅಳುವಿನಲ್ಲಿ ಹೆಚ್ಚಿನದಕ್ಕೆ ಕಾರಣ ಹಿಂದೆ ನಿಂತ ಅಪ್ಪಂದಿರು.

ಮತ್ತೆ ಮ್ಯಾಜಿಕ್ಕಿಗೆ. ಕಮಾಂಡರ್ ಬಗ್ಗೆ ಬರೆಯದಿದ್ದರೆ ಬೈತಾರೆ. 100 ಕಾರ್ಡು, 40 ಲೈಫ್, ಸಾಮಾನ್ಯವಾಗಿ ನಾಲ್ವರು ಒಂದೇ ಮೇಜಿನಲ್ಲಿ. "ನಾವು ಮಜಾಕ್ಕೆ ಆಡೋರು, ಟೂರ್ನಮೆಂಟಿನವರ ಹಾಗಲ್ಲ" ಅನ್ನೋ ಮಾತು ಹೆಚ್ಚು ಕೇಳೋದು ಇಲ್ಲೇ. ಅದೇ ಮಜಾದ ಜನರ ನಡುವೆ, 2024ರ ಸೆಪ್ಟೆಂಬರಿನಲ್ಲಿ ಮಾನಾ ಕ್ರಿಪ್ಟ್, ಜ್ಯುವೆಲ್ಡ್ ಲೋಟಸ್ ಮುಂತಾದ ದುಬಾರಿ ಕಾರ್ಡುಗಳನ್ನ ನಿಷೇಧಿಸಿದಾಗ, ನಿಯಮ ಸಮಿತಿಯವರಿಗೆ ಬೆದರಿಕೆ ಬಂತು. ಸ್ವಯಂಸೇವೆಯ ಮೇಲೆ ನಡೀತಿದ್ದ ಸಮಿತಿ ಅಧಿಕಾರವನ್ನ ವಿಝರ್ಡ್ಸ್ ಕೈಗೆ ಒಪ್ಪಿಸಿಬಿಟ್ಟಿತು. ಬಹುಮಾನ ಇಲ್ಲದ ಕಡೆ ದ್ವೇಷ ಇರೋಲ್ಲ ಅನ್ನೋರು ಇದನ್ನ ನೆನಪಿಟ್ಟುಕೊಳ್ಳಲಿ.

2025ರ ಫೆಬ್ರವರಿಯಲ್ಲಿ ಬಂದ ಬ್ರ್ಯಾಕೆಟ್ ವ್ಯವಸ್ಥೆ ಡೆಕ್ಕುಗಳನ್ನ ಬಲದ ಪ್ರಕಾರ ಐದು ಹಂತಕ್ಕೆ ಹಂಚುತ್ತೆ. ಐಡಿಯಾ ಒಳ್ಳೇದು. ಆಡೋಕೆ ಮುಂಚೆ "ನಿಮ್ಮದು ಎಷ್ಟನೇದು?" ಅಂತ ಕೇಳೋಕೆ ಒಂದು ಭಾಷೆ ಸಿಕ್ಕಿತು. ತೊಂದರೆ ಏನಂದರೆ ಕೇಳಿದವರೆಲ್ಲ "ಮೂರು" ಅಂತಾರೆ. ನಾಲ್ಕನೇ ಟರ್ನಿಗೆ ಮೇಜು ಗುಡಿಸಿಹಾಕೋ ಡೆಕ್ಕೂ ಮೂರು, ಬರೀ ಅಳಿಲುಗಳನ್ನ ತುಂಬಿಸಿಕೊಂಡ ಡೆಕ್ಕೂ ಮೂರು. ಈಗ ನಾನು ಹಂತ ಕೇಳೋದೇ ಬಿಟ್ಟಿದ್ದೀನಿ, "ಸಾಮಾನ್ಯವಾಗಿ ಎಷ್ಟನೇ ಟರ್ನಿಗೆ ಗೆಲ್ತೀರಿ, ಹೇಗೆ ಗೆಲ್ತೀರಿ?" ಅಂತ ಕೇಳ್ತೀನಿ. ಇದಕ್ಕೆ ಸುಳ್ಳು ಹೇಳೋರು ಕಡಿಮೆ, ಯಾಕಂದರೆ ಹೇಳಿಕೊಳ್ಳೋಕೆ ಎಲ್ಲರಿಗೂ ಖುಷಿ. ಬಹುಮಾನ ಇಟ್ಟ ಕಮಾಂಡರ್ ಸಂಜೆಗೆ ಮಾತ್ರ ನಾನು ಹೋಗೋಲ್ಲ. ಮೂವರು ಸೇರಿ ಒಬ್ಬರನ್ನ ಮುಗಿಸಬಹುದಾದ ಆಟಕ್ಕೆ ಬಹುಮಾನ ಇಡೋದು ಜಗಳಕ್ಕೆ ಟೋಕನ್ ಕೊಟ್ಟ ಹಾಗೆ.

ಹೊಸದಾಗಿ ಹೋಗೋರು ಕೌಂಟರಿನಲ್ಲಿ ಹೆಸರು ಬರೆಸೋಕೆ ಮುಂಚೆ ಮೂರು ವಿಷಯ ಕೇಳಿ: ಇವತ್ತಿನದು ರೆಗ್ಯುಲರ್ ಮಟ್ಟವೋ ಕಾಂಪಿಟಿಟಿವ್ ಮಟ್ಟವೋ, ಜಡ್ಜ್ ಯಾರು ಮತ್ತು ಅವರೂ ಆಡ್ತಾರಾ, ಕೊನೇ ಸ್ಥಾನದವರಿಗೆ ಏನು ಸಿಗುತ್ತೆ. ಮೂರನೇ ಪ್ರಶ್ನೆಗೆ ಕೌಂಟರಿನವರು ನಕ್ಕರೆ, ಶುಲ್ಕ ಕಟ್ಟಬೇಡಿ. ಪಕ್ಕದಲ್ಲಿ ಖಾಲಿ ಮೇಜಿದ್ದರೆ ಕೂತು ಸುಮ್ಮನೆ ಒಂದು ಗೇಮ್ ಆಡಿ ಬನ್ನಿ.