ಶುಂಠಿ ಚಹಾದ ಪಕ್ಕಕ್ಕೆ ಯಾವುದು?

ಧನುರ್ಮಾಸದಲ್ಲಿ ಬೆಂಗಳೂರಿನ ಸಂಜೆ ಆರಕ್ಕೇ ಸ್ವೆಟರ್ ಕೇಳುತ್ತದೆ. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಹದಿನೈದಕ್ಕೇ ಮಫ್ಲರ್ ಸುತ್ತಿಕೊಳ್ಳುವ ನಮ್ಮ ಮನೆಯವರು ಆಗ ಇರಲಿಲ್ಲ, ಪುಣ್ಯ. ಕಳೆದ ಚಳಿಯಲ್ಲಿ ನಾಲ್ಕು ಸಂಜೆ ನಾಲ್ಕು ತಿನಿಸುಗಳನ್ನು ಒಂದೇ ಬಗೆಯ ಚಹಾದೊಂದಿಗೆ ತಿಂದು ನೋಡಿದೆ. ಜಜ್ಜಿದ ಶುಂಠಿ, ಗಟ್ಟಿ ಹಾಲು, ಲೋಟಕ್ಕೆ ಒಂದೇ ಚಮಚ ಸಕ್ಕರೆ.

ಮೊದಲು ಗ್ಲೂಕೋಸ್ ಬಿಸ್ಕತ್ತು. ಎರಡು ಎಣಿಸುವಷ್ಟರಲ್ಲಿ ಮೇಲೆತ್ತಿದರೆ ಸರಿ. ಮೂರಾದರೆ ಅರ್ಧ ಕೈಯಲ್ಲಿ, ಅರ್ಧ ತಳದಲ್ಲಿ. ಹಿಟ್ಟನ್ನು ಹಿಡಿದಿಟ್ಟ ಸಕ್ಕರೆ ಬಿಸಿ ಚಹಾದಲ್ಲಿ ಕರಗಿತೆಂದರೆ ಬಿಸ್ಕತ್ತಿಗೆ ಬೇರೆ ಆಸರೆಯಿಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಲೆನ್ ಫಿಶರ್ ಬಿಸ್ಕತ್ತು ಅದ್ದುವ ಕ್ರಮವನ್ನೇ ಲೆಕ್ಕ ಹಾಕಿ 1999ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿ ಪಡೆದವರು. ಅವರ ಉಪಾಯವೆಂದರೆ ಬಿಸ್ಕತ್ತನ್ನು ಮಲಗಿಸಿ ಒಂದು ಮೈ ಮಾತ್ರ ಅದ್ದುವುದು. ಒಣಗಿದ ಮೈ ಒದ್ದೆ ಮೈಯನ್ನು ಹೊತ್ತುಕೊಳ್ಳುತ್ತದೆ. ಆದರೆ ಇಂಗ್ಲೆಂಡಿನ ಕಪ್ಪಿನ ಬಾಯಿ ಅಗಲ. ನಮ್ಮ ಸ್ಟೀಲ್ ಲೋಟದಲ್ಲಿ ಬಿಸ್ಕತ್ತು ಮಲಗುವುದಾದರೂ ಎಲ್ಲಿ? ಸಾಸರಿಗೆ ಬಗ್ಗಿಸಿಕೊಂಡು ಪ್ರಯತ್ನಿಸಿದೆ. ಐದು ಎಣಿಸಿದರೂ ಮುರಿಯಲಿಲ್ಲ, ನಿಜ. ಎರಡನೆಯ ಬಿಸ್ಕತ್ತಿನ ಹೊತ್ತಿಗೆ ಚಹಾ ತಣ್ಣಗಾಗಿತ್ತು.

ರಸ್ಕಿಗೆ ಈ ಉಪಚಾರವೇ ಬೇಡ. ಅದು ಎರಡು ಸಲ ಬೆಂದ ಬ್ರೆಡ್ಡು. ಒಳಗೆಲ್ಲ ಸಣ್ಣ ಸಣ್ಣ ಗೂಡು, ನಡುವೆ ನಾದಿದ ಹಿಟ್ಟಿನ ಗಟ್ಟಿ ಜಾಲ. ಚಹಾ ಹೀರುತ್ತದೆ, ಕುಸಿಯುವುದಿಲ್ಲ. ಅದ್ದಿ ಬಾಯಿಗಿಟ್ಟರೆ ಏಲಕ್ಕಿಯ ಘಮದೊಡನೆ ಬಿಸಿ ಚಹಾ ಒಸರುತ್ತದೆ; ಚಳಿಗೆ ಇದಕ್ಕಿಂತ ಏನು ಬೇಕು? ದೂರು ಒಂದೇ: ಮೂರು ರಸ್ಕು ತಿನ್ನುವಷ್ಟರಲ್ಲಿ ಅರ್ಧ ಲೋಟ ಚಹಾವನ್ನು ಅವೇ ಕುಡಿದಿರುತ್ತವೆ.

ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತನ್ನು ಅದ್ದುವುದು ಅಪಚಾರ. ಚಳಿಗೆ ಅದರ ಜಿಡ್ಡು ಬಿಗಿದುಕೊಂಡಿರುತ್ತದೆ, ಬರಿದೇ ತಿಂದರೆ ರುಚಿ ಅರಳುವುದಿಲ್ಲ. ಒಂದು ತುಂಡು ಕಚ್ಚಿ, ನುಂಗುವ ಮೊದಲೇ ಒಂದು ಗುಟುಕು ಚಹಾ ಹೀರಬೇಕು. ಆಗ ಉಪ್ಪು ಮುಂದೆ, ಸಿಹಿ ಹಿಂದೆ ಬರುತ್ತದೆ. ಬೆಣ್ಣೆ ಬಾಯಿಯ ಬಿಸಿಗೇ ಕರಗುತ್ತದೆ, ವನಸ್ಪತಿಗೆ ಅಷ್ಟು ಬಿಸಿ ಸಾಲದು. ಬಸ್ ನಿಲ್ದಾಣದ ಬಳಿಯ ಒಂದು ಬೇಕರಿಯಿಂದ ತಂದ ‘ಬೆಣ್ಣೆ’ ಬಿಸ್ಕತ್ತು ಅಂಗುಳಿಗೆ ಮೇಣದಂತೆ ಅಂಟಿಕೊಂಡಾಗ ಹೆಸರಿನಲ್ಲಷ್ಟೇ ಬೆಣ್ಣೆಯಿದೆ ಎಂದು ಗೊತ್ತಾಯಿತು. ಬೇಸಿಗೆಯಲ್ಲಾಗಿದ್ದರೆ ಬಹುಶಃ ಮೋಸಹೋಗುತ್ತಿದ್ದೆ.

ಹನಿ ಕೇಕ್ ನನಗೆ ಬಾಲ್ಯದಿಂದಲೂ ಇಷ್ಟ, ಚಹಾದ ಜೊತೆ ಮಾತ್ರ ಬೇಡ. ಸಕ್ಕರೆ ಪಾಕ, ಮೇಲೆ ಜಾಮ್, ಅದರ ಮೇಲೆ ಕೊಬ್ಬರಿ ತುರಿ. ಇಷ್ಟು ಸಿಹಿಯ ಮೇಲೆ ಚಹಾ ಕುಡಿದರೆ ನಾಲಿಗೆಗೆ ಉಳಿಯುವುದು ಒಗರೊಂದೇ.

ಈಗ ನಮ್ಮಲ್ಲಿ ಬೆಳಗಿನ ಚಹಾಕ್ಕೆ ರಸ್ಕು, ಸಂಜೆಗೆ ಬೆಣ್ಣೆ ಬಿಸ್ಕತ್ತು. ಅಮ್ಮನಿಗೆ ಈ ತೀರ್ಪು ಒಪ್ಪಿಗೆಯಿಲ್ಲ. ಅವಳದು ಇಂದಿಗೂ ಗ್ಲೂಕೋಸ್ ಬಿಸ್ಕತ್ತೇ. ತಳದಲ್ಲಿ ಕೂತ ಕೆಸರನ್ನು ಚಮಚದಲ್ಲಿ ಬಳಿದು ತಿನ್ನುವುದಕ್ಕೆಂದೇ ಬೇಕೆಂತಲೇ ನಾಲ್ಕರವರೆಗೆ ಎಣಿಸುತ್ತಾಳೆ.